ಅತ್ತೆ ತಪ್ಪಾಗಿ ಕೇಳಿಸಿಕೊಂಡ ಎದೆಬಡಿತ

ನನ್ನ ಅತ್ತೆ ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವರು. ಒಟ್ಟು ಎಷ್ಟು ಮಕ್ಕಳನ್ನು ಕೈಯಲ್ಲಿ ಹಿಡಿದಿರಿ ಎಂದು ಯಾರಾದರೂ ಕೇಳಿದರೆ, "ಎಣಿಸೋಕೆ ಅವೇನು ನಿಂಬೆಹಣ್ಣಾ?" ಎಂದು ರೇಗುತ್ತಾರೆ. ನಾನು ಇಲ್ಲಿ ಹೇಳುವುದು ಅದರಲ್ಲಿ ಎರಡೇ ಎರಡು ಮಕ್ಕಳ ವಿಷಯ. ಒಂದು ನನ್ನ ಮಗಳು. ನಾನು ಇದನ್ನು ಬರೆಯುವಾಗ ಅವಳು ಪಕ್ಕದ ಕೋಣೆಯ ಗೋಡೆಗೆಲ್ಲ ಪೆನ್ಸಿಲ್ ತಿಕ್ಕುತ್ತಿದ್ದಾಳೆ, ನನಗೆ ಏಳಲು ಸೋಮಾರಿತನ. ಇನ್ನೊಂದು ಮಗು ಉಳಿಯಲಿಲ್ಲ. ಆ ಮಗುವಿನ ತಾಯಿಗೆ ಅತ್ತೆ ಒಂದು ನಿಜ ಹೇಳಬೇಕಿತ್ತು. ಹತ್ತೊಂಬತ್ತು ವರ್ಷ ಹೇಳಿರಲಿಲ್ಲ.

ಅತ್ತೆ ಕುಳ್ಳಗಿದ್ದಾರೆ. ಹೆರಿಗೆ ಟೇಬಲ್ಲಿನ ಪಕ್ಕದಲ್ಲಿ ಅವರಿಗೆಂದೇ ಒಂದು ಮರದ ಮಣೆ ಇತ್ತು, ಅದರ ಮೇಲೆ ನಿಂತೇ ಕೆಲಸ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಹಿಂದಿನಿಂದ ‘ಹೆಡ್‌ಮಾಸ್ಟರ್’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಹೋಗಿ ಮಗುವಿನ ಬಾಯಿಂದ ನೀರು ಎಳೆಯುವ ಕೊಳವೆ, ಉಸಿರು ಕೊಡುವ ಚೀಲ, ಬೆಚ್ಚಗಿಡುವ ದೀಪ, ಒಣಗಿದ ಬಟ್ಟೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುವರು. ಚೀಲವನ್ನು ತಮ್ಮ ಅಂಗೈಗೇ ಒತ್ತಿಕೊಂಡು ಗಾಳಿ ಬರುತ್ತದೆಯೇ ಎಂದು ಪರೀಕ್ಷಿಸುವರು. ಒಂದು ಕತ್ತರಿ ಅದರ ಜಾಗದಲ್ಲಿ ಇಲ್ಲದಿದ್ದರೆ ಅವತ್ತು ಆಯಾಗೂ ಕಿರಿಯ ಸಿಸ್ಟರುಗಳಿಗೂ ಗ್ರಹಚಾರ ಬಿಡಿಸುವರು.

ಹೆರುವವಳ ಹತ್ತಿರ ಮಾತ್ರ ಆ ಕೋಪ ಸುಳಿಯುತ್ತಿರಲಿಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ನೋವಿಗೆ ಕೂಗಿದರೆ ಬೈಯುತ್ತಾರೆ, ತೊಡೆಗೆ ಎರಡು ಬಾರಿಸುವವರೂ ಇದ್ದಾರೆ. ಅತ್ತೆ, "ಕೂಗ್ಕೋ ತಾಯಿ, ಯಾರು ಬೇಡ ಅಂದ್ರು? ಗೋಡೆ ಏನು ಬಿದ್ದುಹೋಗಲ್ಲ" ಎನ್ನುತ್ತ ಬೆರಳಗೆಣ್ಣಿನಿಂದ ಅವಳ ಸೊಂಟ ನೀವುವರು. ಮೊದಲ ಹೆರಿಗೆಯವಳಿಗೆ ಮುಂದೆ ಏನಾಗುತ್ತದೆ ಎಂದು ಒಂದೊಂದನ್ನೂ ಮೊದಲೇ ಹೇಳುವರು. ಹೊರಗೆ ನಿಂತು ಗಂಡಾ ಹೆಣ್ಣಾ ಎಂದು ಪೀಡಿಸುವ ನೆಂಟರಿಗೆ, "ಮನುಷ್ಯರ ಮಗು. ಸಾಕಾ?" ಎಂದು ಬಾಗಿಲು ಹಾಕುವರು.

ಅವರದು ಇನ್ನೊಂದು ಪದ್ಧತಿ. ಹೊಟ್ಟೆಯ ಮೇಲೆ ಯಾವ ಯಂತ್ರ ಇಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದರೂ ಇನ್ನೊಂದು ಕೈಯಲ್ಲಿ ತಾಯಿಯ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿರಬೇಕು. ಕಿರಿಯರಿಗೆ ಇದನ್ನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದರು. ಅವರು ಮುಂದೆ ಹೂಂ ಎಂದು, ಹಿಂದೆ ನಕ್ಕು ಸುಮ್ಮನಾಗುತ್ತಿದ್ದರು. ಯಂತ್ರವೇ ಕಾಗದದ ಮೇಲೆ ಗೆರೆ ಎಳೆದು ಲೆಕ್ಕ ತೋರಿಸುವಾಗ ಈ ಮುದುಕಿಯ ಕಾಟ ಯಾಕೆ ಎಂದು ಅವರಿಗೆ. ಅತ್ತೆಯಾದರೂ ಕಾರಣ ಪೂರ್ತಿ ಹೇಳುತ್ತಿರಲಿಲ್ಲ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ನನಗೂ ಕೋಪ ಮೂಗಿನ ತುದಿಯಲ್ಲಿ. ಇಬ್ಬರೂ ಇಡೀ ದಿನ ಬೇರೆಯವರಿಗೆ ಅಪ್ಪಣೆ ಕೊಟ್ಟು ಬದುಕುವವರು, ಸಂಜೆ ಒಂದೇ ಅಡಿಗೆಮನೆಗೆ ಬರುವವರು. ನಡುವೆ ನನ್ನ ಗಂಡ ತುಟಿಪಿಟಕ್ಕೆನ್ನದೆ ತರಕಾರಿ ಹೆಚ್ಚುತ್ತ ಕೂತಿರುತ್ತಿದ್ದ. ನಾನು ಬಸುರಿಯಾದ ಮೇಲೆ ಅತ್ತೆಯ ಅಪ್ಪಣೆಗಳು ಎರಡು ಪಟ್ಟಾದವು. ಎಡಕ್ಕೆ ಮಗ್ಗುಲಾಗಿ ಮಲಗು, ನೀರು ಕುಡಿ, ಕಾಲು ಇಳಿಬಿಡಬೇಡ. "ಅತ್ತೆ, ಹೊಟ್ಟೇಲಿರೋದು ನನ್ನ ಮಗು" ಎಂದೆ ಒಂದು ದಿನ. "ಹೊರಗೆ ಬರೋವರೆಗೂ ನನ್ನ ಪೇಷಂಟು" ಎಂದರು.

ಹಾಗೆಂದರೂ ನನ್ನ ಹೆರಿಗೆಗೆ ತಾನು ಕೈಹಾಕುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಸಿಬ್ಬಂದಿ ತಮ್ಮ ಮನೆಯವರ ಹೆರಿಗೆ ನೋಡಬಾರದೆಂಬ ನಿಯಮವನ್ನು ಆ ವಾರ್ಡಿನಲ್ಲಿ ಬಿಗಿ ಮಾಡಿದವರೇ ಅವರು. ತಂಗಿಯ ಹೆರಿಗೆಗೆ ನಿಂತಿದ್ದ ಒಬ್ಬ ಸಿಸ್ಟರನ್ನು ತೋಳು ಹಿಡಿದು ಹೊರಗೆ ಕಳಿಸಿದ್ದರಂತೆ. "ಕಣ್ಣಲ್ಲಿ ನೀರು ತುಂಬ್ಕೊಂಡವರಿಗೆ ಗಡಿಯಾರ ಕಾಣಲ್ಲ" ಎಂಬುದು ಅವರ ವಾದ.

ಬೆಳಿಗ್ಗೆ ಹತ್ತರ ಹೊತ್ತಿಗೆ ನನಗೆ ನೀರು ಹೋಯಿತು. ಮಧ್ಯಾಹ್ನ ಎರಡೂವರೆಗೆ ನಾನು ಟೇಬಲ್ ಮೇಲಿದ್ದೆ. ಅತ್ತೆ ರಜೆ ಹಾಕಿ ಮನೆಯ ಸೀರೆಯಲ್ಲೇ ಬಂದು ಬಾಗಿಲಾಚೆಯ ಬೆಂಚಿನ ಮೇಲೆ ನನ್ನ ಗಂಡನ ಪಕ್ಕ ಕೂತಿದ್ದರು. ಒಳಗೆ ನನ್ನನ್ನು ನೋಡಿಕೊಳ್ಳುತ್ತಿದ್ದವಳು ಕೆಲಸಕ್ಕೆ ಸೇರಿ ಎರಡು ವರ್ಷವಾದ ಒಬ್ಬ ಹುಡುಗಿ. ಒಂದು ಕಡೆ ನಿಲ್ಲದೆ ಓಡಾಡುತ್ತಿದ್ದಳೆಂದು ಅವಳಿಗೆ ಚಿಟ್ಟೆ ಎಂದು ಹೆಸರು. ಒಳ್ಳೆಯ ಹುಡುಗಿ. ನನ್ನ ಬೆವರು ಒರೆಸಿದಳು, ಗುಟುಕು ಗುಟುಕು ನೀರು ಕೊಟ್ಟಳು, ನಾನು ಬೈದಾಗ ಬೈಸಿಕೊಂಡಳು. ನನಗೆ ಅಷ್ಟು ಹೊತ್ತಿಗೆ ಸಣ್ಣಗೆ ಜ್ವರವೂ ಬಂದಿತ್ತು. ಹೊಟ್ಟೆಗೆ ಬಿಗಿದ ಪಟ್ಟಿಯಿಂದ ಯಂತ್ರ ಡಬಡಬ ಎನ್ನುತ್ತಿತ್ತು.

"ಕೇಳಿಸ್ಕೊಳ್ಳಿ ಅಕ್ಕ, ಪಾಪು ಎಷ್ಟು ಚೆನ್ನಾಗಿದೆ!" ಎಂದಳು ಚಿಟ್ಟೆ. "ನೂರ ಮೂವತ್ತು. ನೀವು ಮುಕ್ಕಿದಾಗೆಲ್ಲ ಇನ್ನೂ ಜೋರಾಗಿ ಓಡ್ತಿದೆ."

ನನಗೆ ಆ ನೋವಿನಲ್ಲೂ ಹೆಮ್ಮೆಯಾಯಿತು. ಡಾಕ್ಟರಮ್ಮ ಬಂದು ಕಾಗದ ನೋಡಿ ತಲೆಯಾಡಿಸಿದರು. ಥಿಯೇಟರಿನಲ್ಲಿ ಇನ್ನೊಬ್ಬಳ ಆಪರೇಷನ್ ಅವರಿಗಾಗಿ ಕಾಯುತ್ತಿತ್ತು. "ಇನ್ನೊಂದು ಅರ್ಧ ಗಂಟೆ ಮುಕ್ಕಲಿ, ಅಷ್ಟರಲ್ಲಿ ಬರ್ತೀನಿ" ಎಂದು ಬಾಗಿಲು ತೆರೆದರು.

ತೆರೆದ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಚಿಟ್ಟೆಯ ಮಾತು ಹೊರಗೆ ಕೇಳಿಸಿತ್ತು.

"ಮುಕ್ಕಿದಾಗ ಏರ್ತಾ ಇದೆಯಾ? ಇಳೀತಾ ಇಲ್ವಾ?" ಎಂದರು.

"ಸಿಸ್ಟರ್, ನಿಮ್ಮ ರೂಲ್ ನೀವೇ ಮುರೀತಿದ್ದೀರಿ" ಎಂದರು ಡಾಕ್ಟರಮ್ಮ, ನಗುತ್ತಲೇ.

ಅತ್ತೆ ಒಳಗೆ ಬಂದು ನನ್ನ ಮಣಿಕಟ್ಟು ಹಿಡಿದರು. ಕಣ್ಣು ಯಂತ್ರದ ಮೇಲೆ. ನನಗೆ ಅವರ ಬೆರಳು ತಣ್ಣಗೆ ಹತ್ತಿದ್ದು ನೆನಪಿದೆ. ಹತ್ತು ಸೆಕೆಂಡ್ ಆಗಿರಬಹುದು. "ಇದು ಮಗೂದಲ್ಲ, ಇವಳದ್ದು" ಎಂದರು. "ಮುಕ್ಕಿದಾಗ ಏರೋದು ತಾಯೀದು, ಮಗೂದು ಇಳಿಯುತ್ತೆ. ಯಂತ್ರ ತಾಯಿ ಎದೆಬಡಿತ ಹಿಡ್ಕೊಂಡು ಕೂತಿದೆ. ಮಗೂದು ಯಾರೂ ಕೇಳ್ತಾ ಇಲ್ಲ."

ಡಾಕ್ಟರಮ್ಮ ಬಾಗಿಲಲ್ಲೇ ನಿಂತು, "ಸಿಸ್ಟರ್, ಗೆರೆ ಅಷ್ಟು ಚೆನ್ನಾಗಿದೆ. ಸೊಸೆ ಅಂತ ಗಾಬರಿಯಾಗಿದ್ದೀರಿ. ಹೊರಗೆ ಕೂತ್ಕೊಳ್ಳಿ, ಪ್ಲೀಸ್. ನಂಗೆ ಅಲ್ಲಿ ತಡವಾಗ್ತಿದೆ" ಎಂದು ಹೆಜ್ಜೆ ಎತ್ತಿದರು. ಅವರನ್ನು ನಾನು ದೂರುವುದಿಲ್ಲ. ಅಲ್ಲಿಯೂ ಒಂದು ಜೀವ ಕಾಯುತ್ತಿತ್ತು.

"ಡಾಕ್ಟ್ರೇ!" ಎಂದು ಅತ್ತೆ ಕೂಗಿದರು. ಆ ವಾರ್ಡಿನಲ್ಲಿ ಡಾಕ್ಟರ ಮೇಲೆ ಅವರು ಧ್ವನಿಯೆತ್ತಿದ್ದು ಅದೇ ಮೊದಲಂತೆ. "ಇದೇ ತಪ್ಪನ್ನ ನಾನು ಮಾಡಿದ್ದೀನಿ. ಹತ್ತೊಂಬತ್ತು ವರ್ಷದ ಹಿಂದೆ, ಇದೇ ರೂಮಲ್ಲಿ. ಅವಳಿಗೂ ಜ್ವರ ಇತ್ತು. ನೂರಿಪ್ಪತ್ನಾಲ್ಕು, ಮಗು ಚೆನ್ನಾಗಿದೆ ಅಂತ ಬರೆದೆ. ಅದು ಅವಳ ನಾಡಿ. ಮಗು ಒಳಗೇ ಹೋಗಿಬಿಡ್ತು. ಇವತ್ತಿನವರೆಗೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಈಗ ಹೇಳ್ತಿದ್ದೀನಿ, ನಿಂತ್ಕೊಳ್ಳಿ."

ಚಿಟ್ಟೆಯ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಕಸ ಗುಡಿಸುತ್ತಿದ್ದ ಆಯಾ ಕೂಡ ಗುಡಿಸುವುದನ್ನು ನಿಲ್ಲಿಸಿದಳು. ಡಾಕ್ಟರಮ್ಮ ತಿರುಗಿ ಬಂದು ನನ್ನ ಇನ್ನೊಂದು ಕೈ ಹಿಡಿದು ನಾಡಿ ನೋಡಿದರು. ಅವರ ಮುಖ ಬಣ್ಣಗೆಟ್ಟಿತು. "ಕೆಳಗೆ ಹುಡುಕು, ಇನ್ನೂ ಕೆಳಗೆ" ಎಂದರು ಚಿಟ್ಟೆಗೆ. ಅವಳು ಯಂತ್ರದ ಬಿಲ್ಲೆಯನ್ನು ಹೊಟ್ಟೆಯ ಕೆಳಭಾಗದಲ್ಲಿ ಜಾರಿಸಿ ಜಾರಿಸಿ ಹುಡುಕಿದಳು. ಗೊರಗೊರ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಎಲ್ಲೋ ಆಳದಿಂದ ಡಬ್... ಡಬ್... ಎಂದು ಕೇಳಿಸಿತು. ಎಪ್ಪತ್ತೆರಡು. ನನಗೆ ವೈದ್ಯಕೀಯ ಏನೂ ತಿಳಿಯದು. ಆದರೆ ಏರಿನಲ್ಲಿ ಕಾರು ಆಫ್ ಆಗುವ ಮುಂಚೆ ಎಂಜಿನ್ ಹೇಗೆ ಎಳೆಯುತ್ತದೆಂದು ನನಗೆ ಗೊತ್ತು. 

ಮುಂದಿನದೆಲ್ಲ ಏಳೆಂಟು ನಿಮಿಷದಲ್ಲಿ ಮುಗಿಯಿತು. ಥಿಯೇಟರಿನ ಕೇಸಿಗೆ ಬೇರೆ ಡಾಕ್ಟರನ್ನು ಕರೆಯಲು ಆಯಾ ಓಡಿದಳು. ಮಗುವಿನ ತಲೆಗೆ ಬಟ್ಟಲಿನಂಥದ್ದನ್ನು ಅಂಟಿಸಿ ಎಳೆದರು. ಅತ್ತೆ ಮಣೆಯನ್ನು ಕಾಲಲ್ಲಿ ತಳ್ಳಿಕೊಂಡು ಬಂದು ನನ್ನ ತಲೆಯ ಹತ್ತಿರ ಹತ್ತಿ ನಿಂತರು. "ಈಗ ಮುಕ್ಕು. ನನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೂ ತೆಗೆದು ಮುಕ್ಕು" ಎಂದರು. ಸಿಟ್ಟಿಗೇನೂ ಬರವಿರಲಿಲ್ಲ. ಮಗು ಬಂತು. ಕತ್ತಿಗೆ ಹೊಕ್ಕುಳಬಳ್ಳಿ ಎರಡು ಸುತ್ತು. ಮೈ ಬೂದಿ ಬಣ್ಣ, ಕೈಕಾಲು ಜೋತಿದ್ದವು. ಅಳು ಇಲ್ಲ.

ಉಸಿರಿನ ಚೀಲ ಚಿಟ್ಟೆಯ ಕೈಯಲ್ಲಿತ್ತು. ಅತ್ತೆ ಅದನ್ನು ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಅವಳ ಪಕ್ಕ ನಿಂತು, "ತಲೆ ನೇರ ಇಡು. ಒತ್ತು, ಬಿಡು. ಎದೆ ಏಳ್ತಿದೆ ನೋಡು, ಚೆನ್ನಾಗಿ ಮಾಡ್ತಿದ್ದೀಯ. ಒತ್ತು, ಬಿಡು" ಎಂದು ಎಣಿಸುತ್ತ ಹೋದರು. ನಾನು ಬರೀ ಆ ದನಿಯನ್ನೇ ಕೇಳಿಸಿಕೊಳ್ಳುತ್ತ ಬಿದ್ದಿದ್ದೆ. ಸುಮಾರು ಎರಡು ನಿಮಿಷದ ಮೇಲೆ ಬೆಕ್ಕಿನ ಮರಿ ಸೀನಿದಂತೆ ಒಂದು ಸದ್ದಾಯಿತು, ಅದರ ಬೆನ್ನಿಗೇ ರಚ್ಚೆ ಶುರುವಾಯಿತು. ನನಗೆ ಅಳು ಬಂತು, ಚಿಟ್ಟೆ ಅತ್ತಳು, ಹೊರಗೆ ನನ್ನ ಗಂಡ ಅತ್ತ. ಅತ್ತೆ ಅಳಲಿಲ್ಲ. ಗಡಿಯಾರ ನೋಡಿ, "ಮೂರು ಗಂಟೆ ಏಳು ನಿಮಿಷ, ಹೆಣ್ಣು" ಎಂದು ಜೋರಾಗಿ ಹೇಳಿದರು.

ಸಂಜೆ ಚಿಟ್ಟೆ ನನ್ನ ಕೇಸ್ ಶೀಟ್ ಹಿಡಿದು ಮಂಚದ ಹತ್ತಿರ ಬಂದು ನಿಂತಳು. ನಾನು ನಿದ್ದೆಯಲ್ಲಿದ್ದೇನೆಂದುಕೊಂಡು ಅತ್ತೆಯ ಹತ್ತಿರ ಪಿಸುಗುಟ್ಟಿದಳು. "ಸಿಸ್ಟರ್, ಅರ್ಧ ಗಂಟೆ ನೂರ ಮೂವತ್ತು ಅಂತಾನೇ ಬರೆದಿದ್ದೀನಿ. ಮಗು ಹೇಗೂ ಚೆನ್ನಾಗಿದೆ. ಹಾಗೇ ಬಿಟ್ಬಿಡ್ಲಾ?"

"ಬೇಡ. ಅದು ತಾಯಿ ನಾಡಿ ಆಗಿತ್ತು, ನಂಗೆ ಗೊತ್ತಾಗ್ಲಿಲ್ಲ ಅಂತ ಬರಿ. ನಾಲ್ಕು ಜನರ ಮುಂದೆ ಬೈಸ್ಕೋ, ಬೇಕಾದ್ರೆ ಅಳು. ಒಂದು ವಾರದಲ್ಲಿ ಮುಗಿಯುತ್ತೆ." ಪೆನ್ನು ತೆಗೆದು ಅವಳ ಕೈಗಿತ್ತು, "ಬರೀದೇ ಇದ್ರೆ ಮುಗಿಯಲ್ಲ" ಎಂದರು.

ಮನೆಗೆ ಬಂದ ಮೇಲೆ ನಾನು ಒಂದು ವಿಚಿತ್ರ ಗಮನಿಸಿದೆ. ಅತ್ತೆ ಮಗುವಿಗೆ ಎಣ್ಣೆ ಹಚ್ಚುವರು, ಸ್ನಾನ ಮಾಡಿಸುವರು, ಬಟ್ಟೆ ಬದಲಿಸುವರು. ಕೆಲಸ ಮುಗಿದ ಕೂಡಲೇ ನನ್ನ ಪಕ್ಕ ಮಲಗಿಸಿ ಎದ್ದುಬಿಡುವರು. ಸುಮ್ಮನೆ ಮಡಿಲಲ್ಲಿ ಹಾಕಿಕೊಂಡು ಕೂರುವುದು, ಮಾತಾಡಿಸುವುದು, ಮುದ್ದು ಮಾಡುವುದು ಇಲ್ಲವೇ ಇಲ್ಲ. ಎಂಟನೇ ದಿನ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಇವಳೂ ಪೇಷಂಟೇನಾ ನಿಮಗೆ?" ಎಂದು ಕೇಳಿಬಿಟ್ಟೆ.

ಅವರು ಮಗುವಿನ ಬಟ್ಟೆ ಮಡಚುತ್ತಿದ್ದರು. ಮಡಚುತ್ತಲೇ ಹೇಳಿದರು. ಹತ್ತೊಂಬತ್ತು ವರ್ಷದ ಹಿಂದಿನ ಆ ದಿನ ಒಂದೇ ಸಲ ಮೂವರಿಗೆ ನೋವು. ಸಿಸ್ಟರ್ ಇವರೊಬ್ಬರೇ. ಟಾರ್ಚಿನಷ್ಟು ಉದ್ದದ ಹೊಸ ಯಂತ್ರ ಆಗಷ್ಟೇ ಬಂದಿತ್ತು. ಹೊಟ್ಟೆಯ ಮೇಲಿಟ್ಟರೆ ಸದ್ದು, ಎಣಿಸಿದರೆ ಸಂಖ್ಯೆ. ಎಣಿಸಿ ಬರೆದು ಇನ್ನೊಬ್ಬಳ ಹತ್ತಿರ ಓಡಿದರು. ಒಂದು ಗಂಟೆಯ ಮೇಲೆ ಮಗು ಹುಟ್ಟಿದಾಗ ಉಸಿರಿರಲಿಲ್ಲ. ಅವಳ ಜ್ವರದ ಚೀಟಿಯಲ್ಲಿ ನಾಡಿ ನೂರಿಪ್ಪತ್ತನಾಲ್ಕು ಎಂದಿದ್ದುದನ್ನು ಆಮೇಲೆ ನೋಡಿದರು. ಆಗ ಅವರಿಗೆ ತಿಳಿಯಿತು, ಬೇರೆ ಯಾರಿಗೂ ತಿಳಿಯಲಿಲ್ಲ.

"ಅವಳಿಗೆ ಏನಂದ್ರಿ?"

"ಯಾರ ತಪ್ಪೂ ಅಲ್ಲಮ್ಮ, ಒಂದೊಂದು ಸಲ ಹೀಗಾಗುತ್ತೆ ಅಂದೆ." ಅತ್ತೆಯ ದನಿ ಸಣ್ಣಗಾಯಿತು. "ಅವಳು ನನ್ನ ಎರಡೂ ಕೈ ಹಿಡ್ಕೊಂಡು, ನೀವಿಲ್ದಿದ್ರೆ ನಾನೂ ಉಳೀತಿರಲಿಲ್ಲ ಸಿಸ್ಟರ್ ಅಂದ್ಲು ಕಣೇ."

ಅಯ್ಯೋ ಪಾಪ ಎನ್ನಬೇಕಿತ್ತೇನೋ. ನನಗೆ ಮೈಯೆಲ್ಲ ಉರಿಯಿತು. "ನನ್ನ ಮಗಳು ಹೋಗಿದ್ರೆ ಚಿಟ್ಟೆ ನಂಗೂ ಹಾಗೇ ಹೇಳ್ತಿದ್ಲು. ನಾನೂ ಅವಳ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳ್ತಿದ್ದೆ" ಎಂದೆ.

ಬಾಗಿಲಲ್ಲಿದ್ದ ನನ್ನ ಗಂಡ, "ಯಾಕೆ ಅಮ್ಮನ್ನ ಹಾಗೆ ಹಿಂಡ್ತೀಯ? ಅವರಿಂದಾನೇ ಅಲ್ವಾ ನಮ್ಮ ಮಗು ಉಳಿದಿದ್ದು?" ಎಂದ.

"ಅವಳು ಸರಿಯಾಗೇ ಹೇಳ್ತಿದ್ದಾಳೆ, ನೀನು ಸುಮ್ನಿರು" ಎಂದರು ಅತ್ತೆ. ನನ್ನ ಪರವಾಗಿ ಅವರು ಮಾತಾಡಿದ್ದನ್ನು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೇನೂ ಗೆದ್ದ ಹಾಗಾಗಲಿಲ್ಲ. 

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಇಸ್ತ್ರಿ ಸೀರೆ ಉಟ್ಟು ಬಂದು, "ಗಾಡಿ ತೆಗಿ" ಎಂದರು. ಮಗುವನ್ನು ಕರೆದುಕೊಂಡು ಬರುವುದು ಬೇಡ ಎಂದರು. ಅದು ಯಾಕೆಂದು ನನಗೆ ಅರ್ಥವಾಯಿತು. ಗಂಡನ ಕೈಗೆ ಮಗುವನ್ನು ಕೊಟ್ಟು ಹೊರಟೆ. ಆ ತಾಯಿ ಎಲ್ಲಿದ್ದಾಳೆಂದು ಅತ್ತೆ ಆಗಲೇ ವಿಚಾರಿಸಿಟ್ಟಿದ್ದರು, ಬಸ್ ನಿಲ್ದಾಣದ ಹಿಂದಿನ ಬೀದಿ ಎಂದಷ್ಟೇ ಹೇಳಿದರು. ದಾರಿಯಲ್ಲಿ ಒಮ್ಮೆ, "ಕಂಪ್ಲೇಂಟ್ ಕೊಡಬಹುದು ಅವಳು. ಕೊಟ್ರೆ ಕೊಡ್ಲಿ" ಎಂದರು.  ನನ್ನ ಗೇರಿನ ಬಗ್ಗೆ ಯಾವತ್ತೂ ಸಲಹೆ ಕೊಡುತ್ತಿದ್ದವರು ಅವತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಅದೊಂದು ಹೊಲಿಗೆ ಅಂಗಡಿ. ಇಬ್ಬರು ನಿಂತರೆ ತುಂಬುವಷ್ಟು ಜಾಗ. ಗೋಡೆಯ ತುಂಬ ಶಾಲೆಯ ಸಮವಸ್ತ್ರಗಳು ತೂಗುತ್ತಿದ್ದವು. ಕತ್ತಿಗೆ ಟೇಪು ಹಾಕಿಕೊಂಡ, ನಲವತ್ತೈದರ ಆಸುಪಾಸಿನ ಹೆಂಗಸು ತಲೆಯೆತ್ತಿ ನೋಡಿದಳು. ಮುಖ ಅರಳಿತು.

"ಅಯ್ಯೋ, ಸಿಸ್ಟರ್ ಅಲ್ವಾ! ಬನ್ನಿ ಬನ್ನಿ. ನಿಮ್ಮನ್ನ ಮರೀತೀನಾ ನಾನು!" ಸ್ಟೂಲಿನ ಮೇಲಿದ್ದ ಬಟ್ಟೆ ಎತ್ತಿ ಜಾಗ ಮಾಡಿದಳು, ಎದುರಿನ ಅಂಗಡಿಗೆ ಎರಡು ಟೀ ಎಂದು ಕೂಗಿದಳು. ಆ ಆದರ ನೋಡಿ ನನಗೇ ಅಲ್ಲಿಂದ ಓಡಿಹೋಗಬೇಕೆನಿಸಿತು.

ಅತ್ತೆ ಕೂರಲಿಲ್ಲ. ನಿಂತೇ ಹೇಳಿದರು. ಮೂವರಿಗೆ ನೋವಿತ್ತು, ಗಡಿಬಿಡಿ ಇತ್ತು ಎಂಬುದನ್ನೆಲ್ಲ ಹೇಳಲಿಲ್ಲ. "ನಿನ್ನ ನಾಡಿಬಡಿತಾನ ಮಗೂ ಎದೆಬಡಿತ ಅಂದ್ಕೊಂಡೆ. ಸರಿಯಾಗಿ ನೋಡಿದ್ರೆ ಬೇಗ ಗೊತ್ತಾಗೋದು, ಬದುಕಿಸಬಹುದಿತ್ತೋ ಏನೋ. ತಪ್ಪು ನಂದು. ಗೊತ್ತಿದ್ದೂ ನಿನಗೆ ಸುಳ್ಳು ಹೇಳಿದೆ" ಎಂದರು. ಅಷ್ಟೇ.

ಆಕೆಯ ಮಷೀನಿನ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳಿತ್ತು. ಅದನ್ನು ಕೊನೆಯವರೆಗೂ ಹೊಲಿದು, ದಾರ ಕತ್ತರಿಸಿ, ಪಕ್ಕಕ್ಕಿಟ್ಟಳು. ಟೀ ಬಂತು. ಯಾರೂ ಮುಟ್ಟಲಿಲ್ಲ.

"ನಾನು ಸರಿಯಾಗಿ ಮುಕ್ಕಲಿಲ್ಲ ಅಂತ ಅಂದ್ಕೊಂಡಿದ್ದೆ" ಎಂದಳು ಆಮೇಲೆ.

ಅತ್ತೆ ತಲೆಯೆತ್ತಿದರು.

"ನೀವು ಮುಕ್ಕು ಮುಕ್ಕು ಅಂತಿದ್ರಿ, ನಂಗೆ ಶಕ್ತಿ ಇರಲಿಲ್ಲ. ಯಾರ ತಪ್ಪೂ ಅಲ್ಲ ಅಂದ್ರಿ. ಮತ್ತೆ ಯಾರದು? ನಂದೇ ಅಲ್ವಾ? ಸೋಮಾರಿ, ಮಗೂನ ಒಳಗೇ ಸಾಯಿಸಿದ್ಲು ಅಂತ ನಮ್ಮತ್ತೆ ಸಾಯೋವರೆಗೂ ಅಂದ್ರು. ನಾನು ಒಂದು ದಿನ ಎದುರು ಮಾತಾಡಿಲ್ಲ. ಎರಡನೇದಕ್ಕೆ, ನಂಗೆ ಮುಕ್ಕೋಕೆ ಬರಲ್ಲ, ಕೊಯ್ದುಬಿಡಿ ಅಂತ ಡಾಕ್ಟ್ರ ಕಾಲು ಹಿಡ್ಕೊಂಡೆ." ಅವಳ ದನಿ ಏರಿತು. "ಹತ್ತೊಂಬತ್ತು ವರ್ಷ ಸಿಸ್ಟರ್! ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

 ತಮ್ಮ ತಪ್ಪಿಗೆ ಒಂದು ಮಗು ಹೋಯಿತು ಎಂದಷ್ಟೇ ಅತ್ತೆ ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬಂದಿದ್ದರು. ಆ ತಪ್ಪನ್ನು ತಾಯಿ ಹೊತ್ತಿದ್ದಾಳೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಮೂವತ್ತೊಂದು ವರ್ಷ ಯಾರ ಮುಂದೆಯೂ ಬಾಗದ ಹೆಡ್‌ಮಾಸ್ಟರ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತು, ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ ಅಳತೊಡಗಿದರು.

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಟೇಪನ್ನು ಕತ್ತಿನಿಂದ ತೆಗೆದು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ, "ನಂಗೆ ತೋರಿಸ್ಲೇ ಇಲ್ಲ. ನೋಡಿದ್ರೆ ತಡ್ಕೊಳ್ಳಲ್ಲ ಅಂತ ತಗೊಂಡು ಹೋಗ್ಬಿಟ್ರು. ನೀವು ನೋಡಿದ್ರಾ?" ಎಂದು ಕೇಳಿದಳು.

"ನಾನೇ ಮೈ ತೊಳೆದು ಬಟ್ಟೆ ಸುತ್ತಿದ್ದು."

"ಕೂದಲಿತ್ತಾ?"

"ತುಂಬ ಇತ್ತು. ಹಣೆ ಮೇಲೆ ಬಿದ್ದಿತ್ತು, ಹಿಂದಕ್ಕೆ ಬಾಚಿದೆ. ಎರಡು ಕೇಜಿ ಎಂಟುನೂರು. ಉದ್ದ ಬೆರಳು." ಅತ್ತೆ ಆಕೆಯ ಮುಖವನ್ನೇ ನೋಡಿದರು. "ಗದ್ದದ ಮೇಲೆ ನಿನಗಿರೋ ಗುಳೀನೇ ಅವಳಿಗೂ ಇತ್ತು."

ಆಕೆಯ ಕೈ ತಾನಾಗಿ ಗದ್ದಕ್ಕೆ ಹೋಯಿತು. ಹಾಗೆಯೇ ಎದ್ದು ಅಂಗಡಿಯ ಷಟರನ್ನು ಅರ್ಧ ಕೆಳಗೆ ಎಳೆದಳು. ಸ್ಟೂಲನ್ನು ಅತ್ತೆಯ ಹತ್ತಿರ ತಳ್ಳಿದಳು.

"ಕೂತ್ಕೊಳ್ಳಿ" ಎಂದಳು. "ಇನ್ನೂ ಏನೇನು ನೆನಪಿದೆ, ಎಲ್ಲಾ ಹೇಳಿ."